ದೇವಸ್ಸಿ ಬಿಚ್ಚಿ ಕೂಡಿಸಿದ ಬೆಳ್ಳಿ ಬಣ್ಣದ ಕಾರು

ಚಾಲಕುಡಿ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಾರಿನ ಕ್ಲಿಪ್ಪು, ರಬ್ಬರ್ ಬೀಡಿಂಗು, ಸೀಟ್ ಕವರು, ಮ್ಯಾಟು ಮಾರುತ್ತೇನೆ. ಪುತ್ತೂರು ಕಡೆಯಿಂದ ಬಂದು ಇಪ್ಪತ್ತೆರಡು ವರ್ಷವಾದರೂ ಇಲ್ಲಿಯವರ ಬಾಯಲ್ಲಿ ನಾನು ಇನ್ನೂ ‘ಮಂಗಳೂರು’. ಅಂಗಡಿಯ ಹಿಂದಿನ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ಕೆಲಸ ಮಾಡುವವನು ದೇವಸ್ಸಿ. ಈಗ ಅವನಿಗೆ ಐವತ್ತೇಳು. ಅವನ ವಿಷಯ ಬರೆಯೋಣವೆಂದು ಎರಡು ಸಲ ಕೂತು ಎರಡು ಸಲವೂ ಎದ್ದುಹೋಗಿದ್ದೇನೆ. ಅದರಲ್ಲಿ ನನ್ನದೂ ಒಂದು ಪಾಲಿದೆ.

ದೇವಸ್ಸಿ ಎಂಜಿನ್ ಮುಟ್ಟುವುದಿಲ್ಲ, ಬಣ್ಣ ಹೊಡೆಯುವುದಿಲ್ಲ. ಕಾರಿನ ಒಳಮೈ ಮಾತ್ರ ಅವನದು: ಬಾಗಿಲ ಒಳಬದಿಯ ಪ್ಯಾಡು, ಗಾಜುಗಳ ನಡುವಿನ ಕಂಬದ ಮೇಲಿನ ಹೊದಿಕೆ, ಡ್ಯಾಶ್‌ಬೋರ್ಡು, ನೆಲದ ಕಾರ್ಪೆಟ್ಟು, ತಲೆಯ ಮೇಲಿನ ಬಟ್ಟೆ. ಗಾಜು ಏರದಿದ್ದರೆ, ಬೀಗ ಕೂರದಿದ್ದರೆ, ಎಲ್ಲೋ ಒಳಗೆ ಕಟಕಟ ಸದ್ದು ಬರುತ್ತಿದ್ದರೆ ಊರಿನ ಮೆಕ್ಯಾನಿಕ್‌ಗಳೆಲ್ಲ ಮೊದಲು ಅವನನ್ನು ಕರೆಯುತ್ತಿದ್ದರು. ಅವನು ಬಿಚ್ಚಿಕೊಟ್ಟ ಮೇಲೆ ಅವರ ಕೆಲಸ, ಅವರದು ಮುಗಿದ ಮೇಲೆ ಮತ್ತೆ ಕೂಡಿಸುವುದು ಇವನ ಕೆಲಸ.

ಬಾಗಿಲ ಪ್ಯಾಡು ತೆಗೆಯುವುದನ್ನು ಯಾರು ಬೇಕಾದರೂ ಕಲಿಯಬಹುದು ಎಂದುಕೊಳ್ಳುತ್ತೇವೆ. ಹಿಡಿಕೆಯ ಹಿಂದಿನ ಪುಟ್ಟ ಮುಚ್ಚಳ ಎಬ್ಬಿಸಬೇಕು, ಅದರೊಳಗೆ ಅಡಗಿ ಕೂತ ಸ್ಕ್ರೂ ಬಿಚ್ಚಬೇಕು, ಅಂಚಿಗೆ ಚಪ್ಪಟೆ ಕಡ್ಡಿ ತೂರಿಸಿ ಎಳೆಯಬೇಕು, ಅಷ್ಟೆ. ಆದರೆ ಬಿಸಿಲು ತಿಂದ ಕ್ಲಿಪ್ಪು ಹಪ್ಪಳದಂತೆ ಮುರಿಯುತ್ತದೆ. ಅವಸರ ಮಾಡಿದರೆ ಒಳಗಿನ ತಂತಿ ಕಿತ್ತು ಬರುತ್ತದೆ. ದೇವಸ್ಸಿ ಸ್ಕ್ರೂಡ್ರೈವರಿನಿಂದ ಎಂದೂ ಮೀಟಿದವನಲ್ಲ. ಎಣ್ಣೆಯಲ್ಲಿ ಕುದಿಸಿದ ಬಿದಿರಿನ ಕಡ್ಡಿಗಳನ್ನು ಮಾಡಿಟ್ಟುಕೊಂಡಿದ್ದ. ಕಡ್ಡಿ ತೂರಿಸಿ, ಕಿವಿಯನ್ನು ಪ್ಯಾಡಿನ ಹತ್ತಿರ ತಂದು, ಒಂದೊಂದೇ ಕ್ಲಿಪ್ಪನ್ನು ಎಬ್ಬಿಸುತ್ತಿದ್ದ. ಕೊನೆಗೆ ಇಡೀ ಪ್ಯಾಡನ್ನು ಮಲಗಿದ ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ಮೇಲಕ್ಕೆತ್ತಿ, ತಂತಿಗೆ ತಂತಿ ಕೂಡುವ ಪ್ಲಾಸ್ಟಿಕ್ ಗಂಟುಗಳನ್ನು ಬಿಡಿಸಿ ಪಕ್ಕಕ್ಕಿಡುತ್ತಿದ್ದ. ಕೂಡಿಸುವಾಗ ಅಂಗೈಯಿಂದ ಒಂದೊಂದು ಗುದ್ದು. ಮುಗಿದ ಮೇಲೆ ಕಣ್ಣಿಗೂ ಕೈಗೂ ಏನೂ ತಿಳಿಯುತ್ತಿರಲಿಲ್ಲ.

“ಬಿಚ್ಚಿದ್ದು ದೇವರಿಗೂ ಗೊತ್ತಾಗಬಾರದು ಮಂಗಳೂರೇ” ಎನ್ನುತ್ತಿದ್ದ. ಆ ಮಾತಿನಲ್ಲಿ ಜಂಬವಿತ್ತು. ಇರಲಿ ಬಿಡಿ, ಅಷ್ಟು ಜಂಬ ಪಡುವ ಕೈಯೂ ಅವನಿಗಿತ್ತು.

ಮಹಾನೆರೆಯ ವರ್ಷ ಹೊಳೆ ಮಾರ್ಕೆಟ್ಟಿನೊಳಗೆ ಬಂತು. ನನ್ನ ಅಂಗಡಿಯ ಷಟರಿನ ಅರ್ಧದವರೆಗೆ ಕೆಸರು. ನೀರಿಳಿದ ಮೇಲೆ ಊರಲ್ಲಿ ಎಷ್ಟು ಮನೆ ತೊಳೆಯುವುದಿತ್ತೋ ಅಷ್ಟೇ ಕಾರು ತೊಳೆಯುವುದಿತ್ತು. ದೇವಸ್ಸಿಯ ಅಂಗಳದಲ್ಲಿ ಹನ್ನೆರಡು, ರಸ್ತೆ ಬದಿಯಲ್ಲಿ ಮತ್ತೆ ಹತ್ತು. ಸೀಟುಗಳನ್ನೆಲ್ಲ ಬಿಚ್ಚಿ ಬಿಸಿಲಿಗಿಟ್ಟರೆ ನಾಟಕದ ಮುಂಚೆ ಕುರ್ಚಿ ಹಾಕಿದ ಹಾಗೆ ಕಾಣುತ್ತಿತ್ತು. ಕಾರ್ಪೆಟ್ಟಿನ ಕೆಳಗೆ ಒಂದು ದಪ್ಪನೆಯ ನಾರಿನ ಹಾಸು ಇರುತ್ತದೆ. ಅದು ನೀರು ಕುಡಿದರೆ ತಿಂಗಳಾದರೂ ಬಿಡುವುದಿಲ್ಲ. ಅದನ್ನು ಕಿತ್ತು ಎಸೆದು, ತಂತಿಯ ಗಂಟುಗಳನ್ನು ಒಂದೊಂದಾಗಿ ಬಿಡಿಸಿ ಒರೆಸಿ, ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಕೂಡಿಸುತ್ತಿದ್ದ. “ಇದು ನೀರು ಕುಡಿದ ಗಾಡಿ. ಎರಡು ವರ್ಷ ನೋಡ್ಕೊಂಡು ಓಡಿಸಿ. ಮಾರೋದಾದ್ರೆ ಹೇಳಿ ಮಾರಿ” ಎಂದು ಪ್ರತಿಯೊಬ್ಬ ಮಾಲೀಕನಿಗೂ ಹೇಳುತ್ತಿದ್ದ. ಆ ಮೂರು ತಿಂಗಳು ಅವನು ಮಾಡಿದ ಕೆಲಸಕ್ಕೆ ಊರು ಅವನನ್ನು ಹೊಗಳಿದ್ದು ಸುಳ್ಳಲ್ಲ.

ಟೈಟಸ್ ಬಂದದ್ದು ಆಮೇಲೆ. ಹಳೆಯ ಕಾರುಗಳ ವ್ಯಾಪಾರಿ, ಹೈವೇ ಪಕ್ಕದಲ್ಲಿ ಅವನ ಜಾಗ. ನೆರೆಯಲ್ಲಿ ಮುಳುಗಿ ಮಾಲೀಕರು ಕೈಬಿಟ್ಟ ಗಾಡಿಗಳನ್ನು ಗುಜರಿ ಬೆಲೆಗೆ ಎತ್ತಿಕೊಂಡಿದ್ದ. ಒಂದು ದಿನ ಬೆಳಿಗ್ಗೆ ಅಂಗಳಕ್ಕೆ ಬಂದು ದೇವಸ್ಸಿಯ ಭುಜದ ಮೇಲೆ ಸ್ವಂತ ತಮ್ಮನಂತೆ ಕೈಯಿಟ್ಟ.

“ಚೇಟಾ, ಏಳು ಗಾಡಿ ಇದೆ. ಎರ್ನಾಕುಳಂನಲ್ಲಿ ಮೂರು ಕಡೆ ತೋರಿಸ್ದೆ. ಎಲ್ಲರೂ ಮಾಡಿಕೊಡ್ತೀವಿ ಅಂತಾರೆ. ಸೀಟಿನ ಬೋಲ್ಟ್ ನೋಡಿದ್ರೆ ತುಕ್ಕು, ಬೆಲ್ಟ್ ಎಳೆದ್ರೆ ಮಣ್ಣಿನ ಗೆರೆ. ಅದೂ ಒಂದು ಕೆಲಸವಾ? ಇದು ನಿಮ್ಮ ಕೈಯಿಂದ ಮಾತ್ರ ಆಗೋದು.”

“ಯಾರಿಗೆ ಮಾರ್ತೀಯಾ?” ಎಂದು ಕೇಳಿದ ದೇವಸ್ಸಿ.

“ಇಲ್ಲಿ ಯಾರು ತಗೋತಾರೆ? ಎಲ್ಲಾ ಗಡಿಯಾಚೆ ಪೊಳ್ಳಾಚಿ, ಧಾರಾಪುರಂ. ಆ ಕಡೆಗೆ.”

“ನೀರು ಕುಡಿದಿದ್ದು ಅಂತ ಹೇಳ್ತೀಯಾ?”

ಟೈಟಸ್ ನಕ್ಕ. “ಹೇಳೋದು ಕೇಳೋದು ನನ್ನ ತಲೆನೋವು ಚೇಟಾ. ನೀವು ಪ್ಯಾನೆಲ್ ಬಿಚ್ಚಿ, ಪ್ಯಾನೆಲ್ ಕೂಡಿಸಿ.”

ನಾನು ಹಿಂಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ದೇವಸ್ಸಿ ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಏಳು ಗಾಡಿಗೆ ಬೇಕಾದ ಕ್ಲಿಪ್ಪು, ಹೊಸ ಬೋಲ್ಟು, ಬೀಡಿಂಗು ಎಲ್ಲ ನನ್ನಲ್ಲೇ ತಾನೇ ಕೊಳ್ಳುವುದು ಎಂದು ಮನಸ್ಸು ಲೆಕ್ಕ ಹಾಕಿಯಾಗಿತ್ತು.

ಅವನು ಒಪ್ಪಿದ್ದು ಹಣಕ್ಕಲ್ಲ. ಕೂಲಿ ಚೆನ್ನಾಗಿಯೇ ಬಂತು, ಆದರೆ ಕೆಲಸ ಆಗಲೂ ಬೇಕಾದಷ್ಟಿತ್ತು. ‘ನಿಮ್ಮ ಕೈಯಿಂದ ಮಾತ್ರ’ ಎಂಬ ಮಾತು ಅವನನ್ನು ಬೀಳಿಸಿತು. ಇದನ್ನು ಅವನೇ ಆಮೇಲೆ ನನಗೆ ಹೇಳಿದ. ಏಳನೆಯದು ಒಂದು ಬೆಳ್ಳಿ ಬಣ್ಣದ ಸಣ್ಣ ಕಾರು, ಸ್ಟಿಯರಿಂಗಿನವರೆಗೆ ಮುಳುಗಿದ್ದು. ಅದನ್ನು ಹನ್ನೊಂದು ದಿನ ಮಾಡಿದ. ಡ್ಯಾಶ್‌ಬೋರ್ಡಿನ ಹಿಂದಿನ ಕಬ್ಬಿಣದ ಪಟ್ಟಿಗಳನ್ನು ಉಜ್ಜಿ ಕಪ್ಪು ಬಣ್ಣ ಕೊಟ್ಟ, ಸೀಟ್ ಬೆಲ್ಟುಗಳನ್ನು ಬೇರೆ ಗಾಡಿಯಿಂದ ತಂದು ಹಾಕಿದ, ಕಾರ್ಪೆಟ್ಟು ಹೊಸದು. ಊರವರ ಗಾಡಿಗಳಿಗೆ ಮಾಡಿದಂತೆ ತಂತಿಯ ಗಂಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಲಿಲ್ಲ. ಹೊರಗೆ ಕಾಣುವುದನ್ನು ಒರೆಸಿದ, ಕಾಣದ್ದನ್ನು ಮುಚ್ಚಿದ. ಟೈಟಸ್‌ಗೆ ಬೇಕಾಗಿದ್ದದ್ದೂ ಅಷ್ಟೇ.

ಜನವರಿಯಲ್ಲಿ ಅದೇ ಕಾರು ನಮ್ಮ ಅಂಗಳಕ್ಕೆ ತಿರುಗಿ ಬಂತು. ಓಡಿಸಿಕೊಂಡು ಬಂದವರು ವಿಲಾಸಿನಿ ಸಿಸ್ಟರ್. ಪಕ್ಕದ ಸೀಟಿನಲ್ಲಿ ಟೈಟಸ್.

ವಿಲಾಸಿನಿ ಸಿಸ್ಟರ್ ಯಾರೆಂದು ಹೇಳಬೇಕು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡುವ ಪಾಲಿಯೇಟಿವ್ ನರ್ಸ್. ದೇವಸ್ಸಿಯ ತಾಯಿ ಅಮ್ಮಚ್ಚಿ ಎಂಟು ತಿಂಗಳು ಹಾಸಿಗೆಯಲ್ಲಿದ್ದಾಗ ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿ ಬಂದು ಬೆನ್ನಿನ ಹುಣ್ಣು ತೊಳೆದವರು. ಮುದುಕಿಯನ್ನು ಹೇಗೆ ಮಗ್ಗುಲು ತಿರುಗಿಸಬೇಕೆಂದು ದೇವಸ್ಸಿಯ ಹೆಂಡತಿ ಕೊಚ್ಚುತ್ರೇಸ್ಯಳಿಗೆ ಕಲಿಸಿದವರು. ಅಮ್ಮಚ್ಚಿ ಪ್ರಾಣ ಬಿಟ್ಟಾಗ ಕಣ್ಣು ಮುಚ್ಚಿದ್ದೂ ಅವರ ಕೈಯೇ.

“ದೇವಸ್ಸಿ ಚೇಟಾ, ಮಂಡಿ ಹೋಯ್ತು. ಇನ್ನು ಸ್ಕೂಟರ್ ಆಗಲ್ಲ” ಎಂದರು ಇಳಿಯುತ್ತಲೇ. “ಕತ್ತಿನ ಸರ ಮಾರ್ತಾ ಇದ್ದೀನಿ. ಇದನ್ನ ತಗೊಳ್ಳೋಣ ಅಂತ. ನೀವು ಒಂದು ಸಲ ನೋಡಿ ಹೇಳಿಬಿಡಿ. ಎಲ್ಲಾ ಕಡೆ ನೀರಿನ ಗಾಡಿ ಅಂತ ಹೆದರಿಸ್ತಾರೆ.”

ಟೈಟಸ್ ಕೆಳಗಿಳಿದು ಮೈಮುರಿದ. “ನಾನೇ ಹೇಳ್ದೆ, ದೇವಸ್ಸಿ ಚೇಟನಿಗೆ ತೋರಿಸಿ, ಅವರು ಬೇಡ ಅಂದ್ರೆ ಬೇಡ ಅಂತ. ನೀವು ನೋಡ್ತಾ ಇರಿ, ನಾನೊಂದು ಚಾ ಕುಡಿದು ಬರ್ತೀನಿ.” ಹೋಗುವಾಗ ತಿರುಗಿಯೂ ನೋಡಲಿಲ್ಲ.

ಅವನು ಅಲ್ಲೇ ನಿಂತಿದ್ದರೆ ದೇವಸ್ಸಿಗೆ ಒಂದು ನೆಪವಾದರೂ ಇರುತ್ತಿತ್ತು. ಅಂಗಳದಲ್ಲಿ ಇದ್ದದ್ದು ನಾವು ಮೂವರೇ. ದೇವಸ್ಸಿ ಮುಂಬಾಗಿಲು ತೆಗೆದ, ಮಂಡಿಯೂರಿದ, ಹೊಸ್ತಿಲ ಪಟ್ಟಿಯನ್ನು ಕಡ್ಡಿಯಿಂದ ಎಬ್ಬಿಸಿದ. ಕಾರ್ಪೆಟ್ಟಿನ ಅಂಚು ಎತ್ತಿ ಬಗ್ಗಿ ನೋಡಿದ. ತಾನೇ ಅಂಟಿಸಿದ ಅಂಚು. ಸಿಸ್ಟರ್ ಅವನ ಬೆನ್ನಿನ ಹಿಂದೆ ಬಗ್ಗಿ ನಿಂತು, ಡಾಕ್ಟರ ಮುಂದೆ ರೋಗಿಯ ಮನೆಯವರು ನಿಲ್ಲುವಂತೆ ಕಾಯುತ್ತಿದ್ದರು.

“ಬೆಲ್ಟ್ ಎಳೆದು ನೋಡ್ಬೇಕಂತೆ ಅಲ್ವಾ?” ಎಂದರು.

ದೇವಸ್ಸಿ ಬೆಲ್ಟನ್ನು ಕೊನೆಯವರೆಗೂ ಎಳೆದು ಬೆಳಕಿಗೆ ಹಿಡಿದ. “ನೋಡಿ. ಒಂದು ಕಲೆ ಇಲ್ಲ.”

“ಹಾಗಾದ್ರೆ ನೀರು ನುಗ್ಗಿಲ್ಲ?”

ಕ್ಷಣ ಹೊತ್ತು ಅವನ ಬಾಯಿ ತೆರೆದೇ ಇತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ.

“ಇಲ್ಲ ಸಿಸ್ಟರೇ. ಒಳ್ಳೆ ಗಾಡಿ.”

ಸಿಸ್ಟರ್ ನನ್ನ ಕಡೆ ತಿರುಗಿದರು. “ಮಂಗಳೂರು ಚೇಟಾ, ನೀವೇನಂತೀರಿ?”

“ದೇವಸ್ಸಿ ಹೇಳಿದ ಮೇಲೆ ನಾನೇನು ಹೇಳೋದು?” ಎಂದೆ.

ಅವರು ಎರಡೂ ಕೈ ಎದೆಗೆ ಒತ್ತಿಕೊಂಡು ದೊಡ್ಡ ಉಸಿರು ಬಿಟ್ಟರು. ಆ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರು ಹೋದ ಮೇಲೆ ದೇವಸ್ಸಿ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದ. “ಪೊಳ್ಳಾಚಿಗೆ ಅಂದಿದ್ದ” ಎಂದ. ಆಮೇಲೆ ನನ್ನ ಜೊತೆ ಎರಡು ದಿನ ಮಾತಿಲ್ಲ. ನನಗೂ ಅದೇ ಬೇಕಾಗಿತ್ತು.

ಮಳೆಗಾಲ ಹಿಡಿದ ಮೇಲೆ ಸಿಸ್ಟರ್ ಒಂದು ಸಲ ಬಂದು ಕಾರಿನಲ್ಲಿ ಒದ್ದೆ ಬಟ್ಟೆಯ ವಾಸನೆ ಎಂದರು. “ಅದು ಏಸಿ ವಾಸನೆ, ಎಲ್ಲಾ ಗಾಡಿಯಲ್ಲೂ ಇರುತ್ತೆ” ಎಂದು ದೇವಸ್ಸಿ ನನ್ನ ಅಂಗಡಿಯಿಂದ ಸುಗಂಧದ ಡಬ್ಬಿ ತರಿಸಿ ತಾನೇ ಅಂಟಿಸಿದ. ಒಮ್ಮೆ ಹೇಳಿದ ಸುಳ್ಳಿಗೆ ಕಾವಲು ಕೂರುವುದು ಹೀಗೆ.

ಜುಲೈಯಲ್ಲಿ ಒಂದು ಹರತಾಳ. ಬಸ್ಸಿಲ್ಲ, ಆಟೋ ಇಲ್ಲ, ಅಂಗಡಿಗಳೆಲ್ಲ ಮುಚ್ಚಿದ್ದವು. ಹಾಲು, ಪೇಪರು, ಆಸ್ಪತ್ರೆಯ ಗಾಡಿಗಳನ್ನು ಬಿಡುತ್ತಾರಾದ್ದರಿಂದ ಸಿಸ್ಟರ್ ತಮ್ಮ ಕಾರಿಗೆ ‘ಪಾಲಿಯೇಟಿವ್’ ಎಂಬ ಬೋರ್ಡು ಕಟ್ಟಿಕೊಂಡು ಹೊರಟಿದ್ದರು. ಕೊಡಶ್ಶೇರಿ ಕಡೆ ಬೆಟ್ಟದ ಮಗ್ಗುಲಲ್ಲಿ ವೇಲಾಯುಧನ್ ಎಂಬ ಟ್ಯಾಪರ್, ರಬ್ಬರ್ ಮರ ಕೆತ್ತಿ ಹಾಲು ತೆಗೆಯುವವನು. ಹೊಟ್ಟೆಯ ಕ್ಯಾನ್ಸರ್. ನೋವು ಎರಡೇ ದಿನದಲ್ಲಿ ಏರಿಬಿಟ್ಟು ಮನೆಯಲ್ಲಿದ್ದ ಮಾರ್ಫಿನ್ ಗುಳಿಗೆ ಮುಗಿದಿತ್ತು. ಹತ್ತು ಗಂಟೆಗೆ ಬರುತ್ತೇನೆಂದು ಸಿಸ್ಟರ್ ಫೋನಿನಲ್ಲಿ ಹೇಳಿದ್ದರು. ರಬ್ಬರ್ ತೋಟದ ನಡುವೆ, ಮನೆಗೆ ಇನ್ನೂ ಏಳು ಕಿಲೋಮೀಟರ್ ಇರುವಾಗ, ಕಾರು ಸದ್ದಿಲ್ಲದೆ ನಿಂತಿತು. ದೀಪವೂ ಇಲ್ಲ, ಹಾರನ್ನೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಒಂದು ಗಂಟೆ ಯಾರಾದರೂ ಬರುತ್ತಾರೆಂದು ಕಾದು, ಆ ಮಂಡಿಯಲ್ಲೇ, ಮಳೆಯಲ್ಲೇ, ಔಷಧಿ ಚೀಲವನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದರು. ತಲುಪಿದಾಗ ಎರಡು ಗಂಟೆ ದಾಟಿತ್ತು. ವೇಲಾಯುಧನ್ ಮೂರನೇ ದಿನ ತೀರಿಕೊಂಡ.

ಕಾರನ್ನು ಎಳೆಸಿಕೊಂಡು ನಮ್ಮ ಅಂಗಳಕ್ಕೇ ತಂದರು. ಬೇರೆಲ್ಲಿಗೆ ಹೋಗುತ್ತಾರೆ?

“ಮೆಕ್ಯಾನಿಕ್ ಏನೋ ಒಳಗೆ ತಂತಿ ಕೊಳೆತಿದೆ ಅಂತಾನೆ. ನಾನೇ ಎಲ್ಲೋ ನೀರು ನಿಂತ ಕಡೆ ಓಡಿಸಿರ್ಬೇಕು ಚೇಟಾ” ಎಂದರು ಸಿಸ್ಟರ್. ಅವರ ಮುಖ ಸೊರಗಿತ್ತು. “ನನ್ನದೇ ತಪ್ಪು. ಮುಂಚಿನ ದಿನವೇ ಹೋಗಿ ಗುಳಿಗೆ ಕೊಟ್ಟುಬರಬೇಕಿತ್ತು.” ಆಮೇಲೆ ನಡೆದದ್ದನ್ನೆಲ್ಲ ಹೇಳಿದರು. ದೇವಸ್ಸಿ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾ ಕೇಳಿದ.

ಅವರು ಹೋದ ಮೇಲೆ ಕಾರ್ಪೆಟ್ಟು ಎತ್ತಿದ. ಎಡಗಾಲು ಇಡುವ ಕಡೆಯ ಪ್ಯಾನೆಲ್ ಹಿಂದೆ ತಂತಿಯ ದೊಡ್ಡ ಗಂಟೊಂದಿದೆ. ಬಿಡಿಸಿದರೆ ಒಳಗೆ ತಾಮ್ರ ಕಿಲುಬಿದ ಹಸಿರು ಪುಡಿ, ಅದರ ಮೇಲೆ ಹೊಳೆಯ ಮಣ್ಣು ಒಣಗಿ ಹಕ್ಕಳೆಯಾಗಿ ಕೂತಿದೆ. ಅವನು ಬಿಡಿಸದೆ ಬಿಟ್ಟ ಗಂಟು. ಮಾಡಿನ ಕೆಳಗೆ ಕಾರಿನ ಬರಿನೆಲದ ಮೇಲೆ ಕೂತುಬಿಟ್ಟ. ನಾನು ಹತ್ತಿರ ಹೋದೆ.

“ಈ ಪ್ಯಾನೆಲ್ಲಿಗೆ ಕ್ಲಿಪ್ಪು ನಾಲ್ಕು” ಎಂದ. “ನಾಲ್ಕು ಕ್ಲಿಪ್ಪು ಎಬ್ಬಿಸಿದ್ರೆ ಕಾಣ್ತಿತ್ತು ಮಂಗಳೂರೇ.”

ಎಂಟು ದಿನ ಬೇರೆ ಕೆಲಸ ಮುಟ್ಟದೆ ಆ ಕಾರನ್ನು ಕೊನೆಯ ತಂತಿಯವರೆಗೂ ಬಿಚ್ಚಿ ಸರಿಮಾಡಿದ. ಕೂಲಿ ತೆಗೆದುಕೊಳ್ಳಲಿಲ್ಲ. ತಪ್ಪು ಅಲ್ಲಿಗೆ ತೀರಿತು ಎಂದುಕೊಂಡನೋ ಏನೋ. ಆದರೆ ಸಿಸ್ಟರ್ ಸುಮ್ಮನಿರುವವರಲ್ಲ. ಹೋದ ಮನೆಯಲ್ಲೆಲ್ಲ ಹೇಳಿದರು: ನಮ್ಮ ದೇವಸ್ಸಿ ಚೇಟ ಪಾಲಿಯೇಟಿವ್ ಗಾಡಿ ಅಂತ ಒಂದು ಪೈಸೆ ಮುಟ್ಟಲಿಲ್ಲ. ಇಗರ್ಜಿಯಲ್ಲಿ ಜನ ಅವನ ಕೈ ಕುಲುಕಿದರು. ಮೀನಿನವನು ಕೂಡ “ನಿಮ್ಮಂಥೋರು ಇರೋದ್ರಿಂದ ಮಳೆ ಬೆಳೆ” ಎಂದು ಎರಡು ಅಯಿಲ ಮೀನು ಜಾಸ್ತಿ ಹಾಕಿದ. ದೇವಸ್ಸಿ ಆ ಮೀನನ್ನು ನನ್ನ ಬಾಗಿಲಲ್ಲಿ ತಂದಿಟ್ಟ. “ನೀನು ತಿನ್ನು. ನನಗೆ ಇಳಿಯಲ್ಲ.”

“ಪಾದ್ರಿ ಅಚ್ಚನ್ ಹತ್ರ ಪಾಪನಿವೇದನೆ ಮಾಡ್ಕೊಳೋ” ಎಂದೆ.

“ಮಾಡ್ಕೊಂಡೆ. ಕ್ಷಮೆ ಕೊಟ್ರು.” ಮೀನಿನ ಪೊಟ್ಟಣವನ್ನು ನನ್ನ ಕಡೆ ತಳ್ಳಿ ಹೇಳಿದ: “ಆ ಕಾರು ಕೊಂಡಿದ್ದು ಅಚ್ಚನ್ ಅಲ್ವಲ್ಲ.”

ಮುಂದಿನ ಜನವರಿ ಪಾಲಿಯೇಟಿವ್ ದಿನಕ್ಕೆ ಸಭೆ. ಸಿಸ್ಟರ್ ಆಮಂತ್ರಣ ಪತ್ರಿಕೆ ಹಿಡಿದು ಅಂಗಳಕ್ಕೆ ಬಂದರು. ಶಾಲು ಹೊದಿಸಿ ಸನ್ಮಾನ ಮಾಡುವವರ ಹೆಸರು ಅಚ್ಚಾಗಿತ್ತು. ಮೂರನೆಯದು ಇವನದು.

“ಬಿಳಿ ಅಂಗಿ ಇದೆಯಾ? ಇಲ್ದಿದ್ರೆ ನನ್ನ ಅಣ್ಣಂದು ತಂದುಕೊಡ್ತೀನಿ” ಎಂದು ನಕ್ಕರು.

ದೇವಸ್ಸಿ ಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಿಂತಲ್ಲೇ ಹೇಳಿದ. “ಸಿಸ್ಟರೇ, ಆ ಗಾಡಿ ನೀರಲ್ಲಿ ಮುಳುಗಿತ್ತು. ಸ್ಟಿಯರಿಂಗ್ ಮಟ್ಟ. ಮುಚ್ಚಿದ್ದು ನಾನು. ನೀವು ತೋರಿಸೋಕೆ ತಂದಾಗ ಗೊತ್ತಿದ್ದೂ ನೀರು ನುಗ್ಗಿಲ್ಲ ಅಂದೆ.”

ಸಿಸ್ಟರ್ ಅವರ ನಗು ಕೂಡಲೇ ಹೋಗಲಿಲ್ಲ. ಮುಖದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಉಳಿದಿತ್ತು.

“ಬೆಲ್ಟ್ ಎಳೆದು ತೋರಿಸಿದ್ರಿ.”

“ಬೇರೆ ಗಾಡಿದು ತಂದು ಹಾಕಿದ್ದು ನಾನೇ.”

“ವಾಸನೆ ಅಂದಾಗ?”

“ಆಗಲೂ ಗೊತ್ತಿತ್ತು.”

“ನನಗ್ಯಾಕೆ ಹೀಗೆ ಮಾಡಿದ್ರಿ ಚೇಟಾ?”

“ನಿಮಗೆ ಅಂತ ಮಾಡಿದ್ದಲ್ಲ ಸಿಸ್ಟರೇ. ಪೊಳ್ಳಾಚಿಗೆ ಹೋಗುತ್ತೆ ಅಂದಿದ್ದ. ನನಗೆ ಗೊತ್ತಿಲ್ಲದವರಿಗೆ.”

“ಪೊಳ್ಳಾಚಿಲಿ ಇರೋರು ಮನುಷ್ಯರಲ್ವಾ?”

ನನ್ನ ಹೆಸರನ್ನು ಅವನು ಎತ್ತಲಿಲ್ಲ. ನಾನು ಹಿಂಬಾಗಿಲ ಪರದೆಯ ಈಚೆ ನಿಂತಿದ್ದೆ. ಒಂದು ಹೆಜ್ಜೆ ಮುಂದಿಟ್ಟು ‘ನನಗೂ ಗೊತ್ತಿತ್ತು’ ಎನ್ನಬಹುದಾಗಿತ್ತು. ಇಡಲಿಲ್ಲ.

ಸಿಸ್ಟರ್ ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. “ನಾಳೆ ಹತ್ತು ಗಂಟೆಗೆ ರೆಡಿಯಾಗಿರಿ. ವೇಲಾಯುಧನ್ ಮನೆಗೆ ಹೋಗೋಣ. ನನಗೆ ಹೇಳಿದ್ದನ್ನ ಅಲ್ಲೂ ಹೇಳಿ.”

ಆ ಸಂಜೆ ಮನೆಯಲ್ಲಿ ಹೆಂಡತಿಗೂ ಹೇಳಿದ. ಕೊಚ್ಚುತ್ರೇಸ್ಯ ಒಲೆಯ ಮುಂದಿನಿಂದ ಎದ್ದು, “ನಿಮ್ಮಮ್ಮನ ಬೆನ್ನು ತೊಳೆದ ಕೈ ಅದು” ಎಂದಷ್ಟೇ ಅಂದು ಒಳಗೆ ಹೋದಳಂತೆ. ಹದಿನೈದು ದಿನ ಅನ್ನ ಬಡಿಸಿಟ್ಟು ಹೋಗುತ್ತಿದ್ದಳು, ಎದುರು ಕೂರುತ್ತಿರಲಿಲ್ಲ.

ಕೊಡಶ್ಶೇರಿಯಲ್ಲಿ ನಡೆದದ್ದನ್ನು ದೇವಸ್ಸಿಯೇ ನನಗೆ ಹೇಳಿದ, ಒಂದು ಮಾತೂ ಬಿಡದೆ. ಅದೇ ಕಾರಿನಲ್ಲಿ ಹೋದರು. ಸಿಸ್ಟರ್ ಓಡಿಸಿದರು, ಇವನು ಹಿಂದಿನ ಸೀಟಿನಲ್ಲಿ ಕೂತ. ಕಾರು ನಿಂತಿದ್ದ ಜಾಗ ಬಂದಾಗ ಸಿಸ್ಟರ್ ಒಂದು ಕ್ಷಣ ನಿಧಾನ ಮಾಡಿ, ಮತ್ತೆ ಹೊರಟರು. ಆ ಏಳು ಕಿಲೋಮೀಟರ್ ಕಾರಿನಲ್ಲೂ ಬಹಳ ದೂರ ಎನಿಸಿತಂತೆ.

ವೇಲಾಯುಧನ್‌ನ ಹೆಂಡತಿ ಕಾರ್ತ್ಯಾಯಿನಿ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು. ಸಿಸ್ಟರ್ “ಇವರು ಕಾರಿನ ಕೆಲಸದವರು. ನಿಮಗೊಂದು ಮಾತು ಹೇಳ್ಬೇಕಂತೆ” ಎಂದು ಜಗಲಿಯ ತುದಿಯಲ್ಲಿ ಕೂತರು. ದೇವಸ್ಸಿ ಹೇಳಿದ.

“ಅಂದ್ರೆ ಅವತ್ತು ಗಾಡಿ ನಿಂತಿದ್ದು ನಿಮ್ಮಿಂದ?” ಎಂದಳು ಕಾರ್ತ್ಯಾಯಿನಿ.

“ಹೌದು ಚೇಚಿ.”

ಅವಳು ಮೆಣಸು ಹರಡುವುದನ್ನು ನಿಲ್ಲಿಸಲಿಲ್ಲ. “ಗಾಡಿ ವಿಷಯ ನನಗೆ ತಿಳಿಯಲ್ಲ. ಅವತ್ತಿನ ವಿಷಯ ಗೊತ್ತು, ಕೇಳಿ. ಹತ್ತಕ್ಕೆ ಸಿಸ್ಟರ್ ಬರ್ತಾರೆ ಅಂತ ನಮ್ಮೋರ ಮುಖ ಒರೆಸಿ, ಅಂಗಿ ಹಾಕಿ ಕೂರಿಸ್ದೆ. ಹನ್ನೊಂದಕ್ಕೆ ಮೈ ಒರೆಸೋ ತೋರ್ತು ಬಾಯಲ್ಲಿ ಕಚ್ಚಿಕೊಂಡ್ರು, ಆಚೆ ಮನೆಯವರಿಗೆ ಕೇಳಿಸಬಾರದು ಅಂತ. ಮೂವತ್ತೆಂಟು ವರ್ಷದಲ್ಲಿ ಆ ಮನುಷ್ಯ ಕೂಗಿದ್ದು ನಾನು ಕೇಳಿರ್ಲಿಲ್ಲ. ಹನ್ನೆರಡೂವರೆಗೆ ಟ್ಯಾಪಿಂಗ್ ಕತ್ತಿ ಕೊಡೇ ಅಂದ್ರು. ಯಾಕೆ ಅಂತ ಗೊತ್ತಾಯ್ತು. ಕತ್ತಿನ ತಗೊಂಡು ಹೋಗಿ ಬಾವಿಗೆ ಹಾಕ್ದೆ. ಬಂದು ನೋಡಿದ್ರೆ ಹಾಸಿಗೆಯಿಂದ ಬಿದ್ದು ಬಾಗಿಲವರೆಗೆ ತೆವಳಿದ್ರು.”

ದೇವಸ್ಸಿ ಕೈಮುಗಿದ.

“ಕೈ ಮುಗಿಬೇಡಿ. ನಾನೇನು ದೇವರಲ್ಲ” ಎಂದಳು. “ಸಿಸ್ಟರ್ ಬಂದು ಗುಳಿಗೆ ಕೊಟ್ಟು, ನಮ್ಮೋರ ಕಾಲು ಹಿಡ್ಕೊಂಡು ಅತ್ರು. ನನಗೆ ಆಗ ಸಿಟ್ಟು ಬಂದಿತ್ತು ಸಿಸ್ಟರ್ ಮೇಲೆ. ಇಷ್ಟು ದಿನ ಇತ್ತು. ಈಗ ಅದೂ ಇಲ್ಲದ ಹಾಗೆ ಮಾಡಿದ್ರಿ.”

ಒಳಗೆ ಹೋಗಿ ಮೂರು ಲೋಟ ಹಾಲಿಲ್ಲದ ಕಟ್ಟನ್ ಚಾ ತಂದಳು. ಮನೆಗೆ ಬಂದವರಿಗೆ ಕೊಡದೆ ಕಳಿಸುವ ರೂಢಿ ಅವಳಿಗಿಲ್ಲ. ಕುಡಿಯದೆ ಎದ್ದರೆ ಮತ್ತೊಂದು ಅಪಚಾರ. ಬಿಸಿ ಚಹಾ ಗಂಟಲು ಸುಡುತ್ತಿದ್ದರೂ ದೇವಸ್ಸಿ ನಿಂತೇ ಕುಡಿದು ಮುಗಿಸಿದ. ಸಿಸ್ಟರ್ ಅವನನ್ನು ಬಸ್ ಸ್ಟಾಪಿನಲ್ಲಿ ಇಳಿಸಿ, “ನನಗೆ ಇನ್ನೂ ನಾಲ್ಕು ಮನೆ ಇದೆ” ಎಂದು ಹೋದರು.

ಆಮೇಲಿನ ವಾರ ಟೈಟಸ್‌ನ ಹತ್ತಿರ ಹೋಗಿ ಉಳಿದ ಆರು ಗಾಡಿ ಯಾರ್ಯಾರ ಕೈಗೆ ಹೋಗಿವೆ ಎಂದು ಕೇಳಿದ. ಟೈಟಸ್ ಮೊದಲು ನಕ್ಕ, ಆಮೇಲೆ ಬೈದ. “ನಿನಗೆ ಸ್ವರ್ಗಕ್ಕೆ ಹೋಗೋ ಆಸೆ ಇದ್ರೆ ಒಬ್ಬನೇ ಹೋಗು, ನನ್ನ ವ್ಯಾಪಾರ ಎಳ್ಕೊಂಡು ಹೋಗಬೇಡ.” ಅವನ ಗುಮಾಸ್ತೆ ಗುಟ್ಟಾಗಿ ಮೂರು ವಿಳಾಸ ಬರೆದುಕೊಟ್ಟಳು. ದೇವಸ್ಸಿ ಬಸ್ಸು ಹಿಡಿದು ಪೊಳ್ಳಾಚಿಗೆ ಹೋದ. ಒಬ್ಬ ತೆಂಗಿನಕಾಯಿ ವ್ಯಾಪಾರಿ ಕೆನ್ನೆಗೆ ಹೊಡೆದ. ಇನ್ನೊಬ್ಬ ಎಲ್ಲ ಕೇಳಿ, “ಒಳ್ಳೇದಾಯ್ತು ಹೇಳಿದ್ದು” ಎಂದು, ಮರುದಿನವೇ ಆ ಗಾಡಿಯನ್ನು ಏನೂ ಹೇಳದೆ ಮತ್ತೊಬ್ಬರಿಗೆ ಮಾರಿದನಂತೆ. ಮೂರನೆಯವರ ಗಾಡಿಯನ್ನು ಅಲ್ಲೇ ಅವರ ಅಂಗಳದಲ್ಲಿ ನಾಲ್ಕು ದಿನ ಕೂತು ಬಿಚ್ಚಿ ಸರಿಮಾಡಿಕೊಟ್ಟ. ಉಳಿದ ಮೂರು ಎಲ್ಲಿ ಓಡುತ್ತಿವೆಯೋ ಇವತ್ತಿಗೂ ಅವನಿಗೆ ತಿಳಿದಿಲ್ಲ. ರಸ್ತೆಯಲ್ಲಿ ಆ ಮೂರರ ಮಾದರಿಯ ಕಾರು ಕಂಡರೆ ನಂಬರಿನ ಕಡೆ ಬಗ್ಗುತ್ತಾನೆ.

ಮಾತು ಊರಲ್ಲಿ ಹರಡಿತು. ಕೆಲಸ ಅರ್ಧಕ್ಕಿಳಿಯಿತು. ಮೀನಿನವನು ಈಗ ತೂಕ ಮಾಡಿಯೇ ಕೊಡುತ್ತಾನೆ. ಹಳೆ ಗಾಡಿ ನೋಡಿ ಹೇಳಿ ಎಂದು ಯಾರಾದರೂ ಹೊಸಬರು ತಂದರೆ ದೇವಸ್ಸಿ, “ನಾನು ಒಮ್ಮೆ ಸುಳ್ಳು ಹೇಳಿದ್ದೀನಿ, ಬೇರೆ ಯಾರಿಗಾದ್ರೂ ತೋರಿಸಿ” ಎನ್ನುತ್ತಾನೆ. ಅವರು ತಬ್ಬಿಬ್ಬಾಗಿ ನನ್ನ ಮುಖ ನೋಡುತ್ತಾರೆ. ನಾನು ಕ್ಲಿಪ್ಪಿನ ಡಬ್ಬಿಗಳನ್ನು ಜೋಡಿಸತೊಡಗುತ್ತೇನೆ. ‘ನನಗೂ ಗೊತ್ತಿತ್ತು’ ಎಂಬ ಮಾತು ನನ್ನ ಬಾಯಿಂದ ಇನ್ನೂ ಸಿಸ್ಟರಿಗೆ ಹೋಗಿಲ್ಲ. ಆದರೆ ಮ್ಯಾಟು ಬೇಕಾದಾಗ ಅವರು ನನ್ನ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಅವರಿಗೆ ಗೊತ್ತಿದೆ ಎಂದು ಅದರಿಂದ ತಿಳಿದುಕೊಂಡಿದ್ದೇನೆ.

ಕಾರನ್ನು ಮಾತ್ರ ದೇವಸ್ಸಿಯ ಹತ್ತಿರವೇ ತರುತ್ತಾರೆ. ಕಳೆದ ತಿಂಗಳು ಹಿಂದಿನ ಬಾಗಿಲ ಗಾಜು ಇಳಿಯುತ್ತಿರಲಿಲ್ಲ. ಅವನು ಪ್ಯಾಡು ಬಿಚ್ಚುವಾಗ ಸಿಸ್ಟರ್ ಪಕ್ಕದಲ್ಲಿ ನಿಂತು ಅಂಗೈ ಚಾಚಿದರು. ಅವನು ತೆಗೆದ ಸ್ಕ್ರೂಗಳನ್ನು ಒಂದೊಂದಾಗಿ ಆ ಅಂಗೈಯಲ್ಲಿಟ್ಟ. ಪ್ಯಾಡು ಎತ್ತಿದ ಮೇಲೆ ಅವರು ಬಗ್ಗಿ ಒಳಗೆಲ್ಲ ಟಾರ್ಚು ಬಿಟ್ಟು ನೋಡಿದರು. ಅವಸರವಿಲ್ಲದೆ, ಹುಣ್ಣು ನೋಡುವ ಹಾಗೆ.

“ಇದೇನು?”

“ಗಾಜು ಎಳೆಯೋ ತಂತಿ ಸಿಸ್ಟರೇ. ಸವೆದಿದೆ.”

“ಅದು?”

“ನೀರು ಇಳಿಯೋ ತೂತು.”

ಎಲ್ಲ ಕೇಳಿದ ಮೇಲೆ ಸ್ಕ್ರೂಗಳನ್ನು ವಾಪಸು ಕೊಟ್ಟರು. ಅವನು ಹೊಸ ತಂತಿ ಹಾಕಿ ಕೂಡಿಸಿದ. ಕೂಲಿ ಎಷ್ಟೆಂದು ಕೇಳಿ, ಅಷ್ಟನ್ನೂ ಬೋನೆಟ್ಟಿನ ಮೇಲಿಟ್ಟು ಹೋದರು.